ಓಪಲ್ ನಂಬರ್ ಒನ್

ಹಾರ್ಲನ್ ಬೀಮರ್‌ಗೆ ಆ ದಿನ ಇದ್ದದ್ದು ಒಂದೇ ಕೆಲಸ: ಸಂಜೆ ಐದು ಗಂಟೆಯವರೆಗೆ ಯಾರ ಮನಸ್ಸನ್ನೂ ನೋಯಿಸಬಾರದು. ಇದೂ ಒಂದು ಕೆಲಸವೇ ಎಂದು ನೀವು ಕೇಳಬಹುದು. ನಮ್ಮ ಕ್ಯಾನ್ಸಸ್ ಸೀಮೆಗೆ ಬಂದು ನೋಡಿ. ಇಲ್ಲಿ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಮೂರು ಜನರ ಮನಸ್ಸು ತಾನಾಗಿಯೇ ನೊಂದಿರುತ್ತದೆ.

ವಿಷಯ ಏನೆಂದರೆ, ನಮ್ಮ ಕಡೆ ಹುಲ್ಲುಗಾವಲು ಇದ್ದವರೆಲ್ಲರ ಹೊಲದಲ್ಲೂ ಒಂದೊಂದು ಎಣ್ಣೆ ಬಾವಿ ಇದೆ. ಬಾವಿಯ ಮೇಲೆ ಕಬ್ಬಿಣದ ಪಂಪು ಕೂತು ದಿನವಿಡೀ ತಲೆಯಾಡಿಸುತ್ತದೆ, ಮಾವನ ಮನೆಯಲ್ಲಿ ಊಟಕ್ಕೆ ಕೂತ ಹೊಸ ಅಳಿಯನ ಹಾಗೆ. ಹಾರ್ಲನ್‌ನ ಹೊಲದಲ್ಲಿ ಮಾತ್ರ ಇಲ್ಲ. ಅಲ್ಲಿ ಎಣ್ಣೆ ಇಲ್ಲವೆಂದಲ್ಲ, ಅಗಲ ಇಲ್ಲ. ಬೇಲಿಯಿಂದ ಮುನ್ನೂರ ಮೂವತ್ತು ಅಡಿ ಬಿಟ್ಟು ಬಾವಿ ಕೊರೆಯಬೇಕು ಎನ್ನುವುದು ರಾಜ್ಯದ ನಿಯಮ. ಹಾರ್ಲನ್‌ನ ತಾತ ಕೊಂಡ ಜಮೀನೋ ಹಾಸಿದ ಸೊಂಟಪಟ್ಟಿಯ ಹಾಗೆ ಉದ್ದಕ್ಕೆ ಮಲಗಿದೆ. ನಟ್ಟನಡುವೆ ನಿಂತು ಅಳೆದರೂ ಇನ್ನೂರು ಅಡಿಗೆ ಬೇಲಿ ಬಂದು ಮೊಣಕಾಲಿಗೆ ತಾಕುತ್ತದೆ.

ಹೀಗಾಗಿ ವಿಶೇಷ ಅನುಮತಿಗೆ ಅರ್ಜಿ ಹಾಕಬೇಕಾಯಿತು. ರಾಜ್ಯದ ಎಣ್ಣೆ ಕಚೇರಿಯವರು ಅರ್ಧ ಮೈಲಿಯೊಳಗೆ ಜಮೀನು ಇರುವವರಿಗೆಲ್ಲ ಪತ್ರ ಬರೆದರು: ಹದಿನೈದು ದಿನದೊಳಗೆ ಯಾರಾದರೂ ಆಕ್ಷೇಪಣೆ ಹಾಕಬಹುದು. ಯಾರೂ ಹಾಕದಿದ್ದರೆ ಮಾರನೆಯ ದಿನವೇ ಅನುಮತಿ. ಒಬ್ಬರು ಹಾಕಿದರೂ ಸಾಕು, ರಾಜಧಾನಿ ಟೊಪೀಕಾದಲ್ಲಿ ವಿಚಾರಣೆ, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬಾವಿ ಕೊರೆಯುವವನು ಅಷ್ಟು ದಿನ ಕಾಯುವ ಪೈಕಿ ಅಲ್ಲ. ನಾಳೆ ಬೆಳಗ್ಗೆ ಅನುಮತಿ ಕೈಗೆ ಸಿಗದಿದ್ದರೆ ಅವನು ಯಂತ್ರವನ್ನು ಲಾರಿಗೆ ಹೇರಿಕೊಂಡು ಒಕ್ಲಹೋಮಾ ಕಡೆ ಹೊರಟುಬಿಡುವವನು. ಮತ್ತೆ ಈ ಕಡೆ ತಲೆ ಹಾಕುವುದು ಒಂದು ವರ್ಷದ ಮೇಲೆ.

ಇವತ್ತು ಹದಿನೈದನೆಯ ದಿನ.

ಬಾವಿಗೆ ಒಂದು ಹೆಸರು ಇಡಬೇಕಲ್ಲ, ಅದು ನಮ್ಮಲ್ಲಿ ಪದ್ಧತಿ. ಅರ್ಜಿಯಲ್ಲಿ ಅದಕ್ಕೇ ಒಂದು ಕಾಲಂ ಇದೆ. ಬಾವಿ ಬಂದ ಮೇಲೆ ಅದೇ ಹೆಸರಿನ ಬೋರ್ಡು ಗೇಟಿನ ಪಕ್ಕ ನೆಡಬೇಕು. ಹಾರ್ಲನ್ ಆ ಕಾಲಂ ಮುಂದೆ ಅರ್ಧ ಗಂಟೆ ಕೂತು, ಪೆನ್ಸಿಲ್ ಕಚ್ಚಿ, ಕೊನೆಗೆ ನಾಚಿಕೊಂಡು ಬರೆದಿದ್ದ: 'ಓಪಲ್ ನಂಬರ್ ಒನ್.' ಓಪಲ್ ಅವನ ಹೆಂಡತಿ. ಬರುವ ಭಾನುವಾರಕ್ಕೆ ಮದುವೆಯಾಗಿ ಮೂವತ್ತೈದು ವರ್ಷ. ಈ ಮೂವತ್ತೈದು ವರ್ಷದಲ್ಲಿ ಅವನು ಅವಳಿಗೆ ಕೊಟ್ಟ ಉಡುಗೊರೆಗಳಲ್ಲಿ ಹೇಳಿಕೊಳ್ಳುವಂಥದ್ದು ಒಂದು ಇಸ್ತ್ರಿಪೆಟ್ಟಿಗೆ. ಭಾನುವಾರ ಚರ್ಚಿಗೆ ಹೋಗುವಾಗ ಅವಳ ಕಣ್ಣು ಮುಚ್ಚಿ ಗೇಟಿನ ಹತ್ತಿರ ಕರೆದುಕೊಂಡು ಹೋಗಬೇಕು, ಕಣ್ಣು ಬಿಟ್ಟರೆ ಬೋರ್ಡು ಕಾಣಬೇಕು. ಅಲ್ಲಿಯವರೆಗೆ ಬಾಯಿ ಬಿಡಬಾರದು. ಬಾವಿಯ ವಿಷಯವನ್ನೇ ಅವನು ಅವಳಿಗೆ ಹೇಳಿರಲಿಲ್ಲ.

ಹದಿನೈದು ದಿನದಿಂದ ಅವನು ಅರೆನಿದ್ದೆಯಲ್ಲೇ ಓಡಾಡುತ್ತಿದ್ದ. ಮೇ ತಿಂಗಳು, ಹುಲ್ಲು ಮೊಣಕಾಲೆತ್ತರ, ಗಾಳಿ ಬಂದರೆ ಇಡೀ ಗುಡ್ಡವೇ ಹೊರಳಿ ಮಲಗಿದ ಹಾಗೆ ಕಾಣುತ್ತದೆ. ಆ ಹುಲ್ಲಿನ ನಡುವೆ ಅವನ ಕಣ್ಣಿಗೆ ಮಾತ್ರ ಒಂದು ಪಂಪು ಕಾಣುತ್ತಿತ್ತು. 'ಓ' ಎನ್ನುತ್ತಾ ಮೇಲೇಳುತ್ತಿತ್ತು, 'ಪಲ್' ಎನ್ನುತ್ತಾ ಕೆಳಗಿಳಿಯುತ್ತಿತ್ತು. ಅದನ್ನು ಕೇಳುತ್ತಾ ಅವನು ಹಾಲು ಕರೆಯುವ ಬಕೆಟ್ಟಿನಲ್ಲಿ ಕಾಲಿಟ್ಟದ್ದು ಒಂದೆರಡು ಸಲವಲ್ಲ.

ಬೆಳಗ್ಗೆ ಏಳೂವರೆಗೆ ಫೋನು ಬಡಿದುಕೊಂಡಿತು. ಉತ್ತರ ಬೇಲಿಯ ಆಚೆಯ ವೀಡಾ ಕ್ರೌಚ್. ವಿಧವೆ, ನೂರಾರು ಕೋಳಿ, ಅಷ್ಟೇ ಅಭಿಪ್ರಾಯ.

"ಹಾರ್ಲನ್, ಇವತ್ತೇ ಕಡೇ ದಿನ ಅಲ್ವೇನಪ್ಪ? ಪತ್ರ ಮುಂದಿಟ್ಕೊಂಡು ಕೂತಿದೀನಿ. ಪೆನ್ನೂ ಕೈಲಿದೆ."

ಹಾರ್ಲನ್ ಫೋನಿಗೆ ಕೈ ಅಡ್ಡ ಹಿಡಿದ. ಎದುರಿಗೆ ಓಪಲ್ ಬಾಣಲೆಯಲ್ಲಿ ಮೊಟ್ಟೆ ಮಗುಚುತ್ತಿದ್ದಳು.

"ಬಂದೆ, ಬಂದೆ. ಅಲ್ಲೇ ಬಂದು ಮಾತಾಡ್ತೀನಿ," ಎಂದು ಫೋನಿಟ್ಟ.

"ಯಾರು?" ಓಪಲ್ ತಿರುಗದೆಯೇ ಕೇಳಿದಳು.

"ಬೇಲಿ," ಎಂದ ಹಾರ್ಲನ್.

"ಬೇಲಿ ಫೋನ್ ಮಾಡಿತ್ತಾ?"

"ಅಲ್ಲ, ವೀಡಾ. ಬೇಲಿ ಬಿದ್ದಿದೆಯಂತೆ. ಹೋಗಿ ನೋಡ್ಕೊಂಡ್ ಬರ್ತೀನಿ."

ಓಪಲ್ ಅವನನ್ನು ಒಂದು ಕ್ಷಣ ನೋಡಿ, ಏನೋ ಹೇಳಲು ಹೊರಟವಳು ಸುಮ್ಮನಾಗಿ, ಮೊಟ್ಟೆಯನ್ನು ಅವನ ತಟ್ಟೆಗೆ ಹಾಕಿದಳು. ಅವಳ ಮುಖದಲ್ಲಿ ಒಂದು ಸಣ್ಣ ನಗು ಇತ್ತು. ಅದನ್ನು ನೋಡಲು ಹಾರ್ಲನ್‌ಗೆ ಪುರುಸೊತ್ತೆಲ್ಲಿ!

ವೀಡಾ ಅವನನ್ನು ತನ್ನ ಮನೆಯಲ್ಲಿ ಕೂರಿಸಿ ಮೊದಲು ಉಪ್ಪಿನಲ್ಲಿ ಹಾಕಿದ ಬೀಟ್‌ರೂಟು ತಿನ್ನಿಸಿದಳು. ಬೀಟ್‌ರೂಟು ಕಂಡರೆ ಹಾರ್ಲನ್‌ಗೆ ಆಗದು. ಎರಡು ಸಲ ಬಡಿಸಿಕೊಂಡು ತಿಂದ.

"ನಂಗೇನೂ ತಕರಾರಿಲ್ಲಪ್ಪ," ಎಂದಳು ವೀಡಾ. "ಕೋಳಿಗಳದ್ದೇ ಯೋಚ್ನೆ. ಪಂಪಿನ ಸದ್ದಿಗೆ ಮೊಟ್ಟೆ ಇಡೋದು ನಿಲ್ಲಿಸಿಬಿಟ್ರೆ? ನಂಗಂತ ಈ ಊರಲ್ಲಿ ಯಾರಿದಾರೆ ಹೇಳು. ಸತ್ತರೆ ನನ್ನ ಹೆಸರು ಹೇಳೋಕೆ ಒಂದು ನಾಯಿಮರೀನೂ ಇಲ್ಲ. ಗಸ್ ಹೊಲದಲ್ಲಿ ನೋಡು, ಬಾವಿಗೆ ಅವನ ಹೋರಿ ಹೆಸರಿಟ್ಟಿದಾನೆ. ನಿನ್ನ ಪತ್ರದಲ್ಲಿ ಓಪಲ್ ಹೆಸರು. ಹೋರಿಗಿರೋ ಮರ್ಯಾದೆ ನಂಗಿಲ್ಲ."

ಪೆನ್ನು ಮೇಜಿನ ಮೇಲೆ ಉರುಳುತ್ತಿತ್ತು. ಹಾರ್ಲನ್ ಅದನ್ನೇ ನೋಡುತ್ತಿದ್ದ.

"ನಿಮ್ಮ ಹೆಸರೇ ಇಟ್ಟರಾಯ್ತು, ಅದಕ್ಕೇನಂತೆ," ಎಂಬ ಮಾತು ಅವನ ಬಾಯಿಂದ ಬಂತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡ.

ವೀಡಾ ಕಣ್ಣೊರೆಸಿಕೊಂಡಳು, ಪೆನ್ನನ್ನು ಡ್ರಾಯರಿಗೆ ಹಾಕಿದಳು, ಮತ್ತಷ್ಟು ಬೀಟ್‌ರೂಟು ತಂದಳು.

ಐದು ಗಂಟೆ ಆಗಲಿ, ಎಂದುಕೊಂಡ ಹಾರ್ಲನ್ ಹೊಲದ ದಾರಿಯಲ್ಲಿ ಬರುತ್ತಾ. ಐದಾದ ಮೇಲೆ ಸತ್ಯ ಹೇಳಿದರಾಯಿತು. ಅರ್ಜಿಯಲ್ಲಿರುವುದು ಓಪಲ್ ಹೆಸರು, ಅದನ್ನು ಯಾರು ಅಳಿಸುತ್ತಾರೆ? ಹುಲ್ಲಿನ ನಡುವಿನ ಪಂಪು ಮತ್ತೆ ಕಣ್ಣಿಗೆ ಕಂಡಿತು. ಈ ಸಲ ಅದು 'ವೀ' ಎನ್ನುತ್ತಾ ಎದ್ದು 'ಡಾ' ಎನ್ನುತ್ತಾ ಇಳಿಯಿತು. ಅವನು ತಲೆ ಕೊಡವಿದ.

ಪಡುವಣ ಬೇಲಿಯ ಮೇಲೆ ಮೊಣಕೈಯೂರಿ ಗಸ್ ಶ್ಲೋಟ್‌ಮನ್ ಕಾಯುತ್ತಿದ್ದ. ಗೋಧಿ ಬೆಳೆಯುವ ಜರ್ಮನ್ ಮನೆತನ, ಆಳು ಎತ್ತಿನ ಗಾತ್ರ, ಮಾತು ಅದಕ್ಕಿಂತ ಭಾರ.

"ಬೆಳಿಗ್ಗೆಯಿಂದ ವೀಡಾ ಮನೇಲಿ ಏನೋ ನಡೀತಿತ್ತು," ಎಂದ ಗಸ್. "ನಮ್ಮನೆಗೆ ಬರೋಕೆ ನಿಂಗೆ ಕಾಲು ನೋವು."

"ನಿನ್ ಹತ್ರಾನೇ ಬರ್ತಿದ್ದೆ ಮಾರಾಯ."

"ಸುಳ್ಳು ಹೇಳ್ಬೇಡ, ನಿಂಗೆ ಬರಲ್ಲ. ಬಾ, ಊಟ ಮಾಡು."

ಹತ್ತು ಗಂಟೆಗೆ ಊಟ! ಹುಳಿ ಬರಿಸಿದ ಎಲೆಕೋಸು, ಹಂದಿ ಸಾಸೇಜು. ಬೀಟ್‌ರೂಟಿನ ಮೇಲೆ ಅದೂ ಇಳಿಯಿತು. ಗಸ್ ಗೋಡೆಯ ಮೇಲಿದ್ದ ಒಂದು ಫೋಟೋ ತೋರಿಸಿದ. ಬಿಗಿದ ತುಟಿಯ ಒಬ್ಬ ಮುದುಕಿ.

"ನಮ್ಮಮ್ಮ, ಹೆಡ್ವಿಗ್. ನಿನ್ನ ತಾತನಿಗೆ ಆ ಜಮೀನು ಮಾರಿದ್ದು ಯಾರು ಗೊತ್ತಾ? ನಮ್ಮಮ್ಮನ ಅಪ್ಪ. ಅವಳು ಸಾಯೋವರೆಗೂ ಹೇಳ್ತಿದ್ಲು, ಆ ನೆಲದಲ್ಲಿ ಎಣ್ಣೆ ಇದೆ, ನಮ್ಮಪ್ಪ ಮೂರ್ಖ ಅಂತ. ಇವತ್ತು ನಾನು ಆಕ್ಷೇಪಣೆ ಹಾಕದೆ ಬಿಟ್ರೆ ಅವಳ ಮುಖ ಹೇಗೆ ನೋಡ್ಲಿ?"

ಹಾರ್ಲನ್ ಫೋಟೋ ನೋಡಿದ. ಹೆಡ್ವಿಗ್ ಅವನನ್ನೇ ನೋಡುತ್ತಿದ್ದಳು.

"ಅವರ ಹೆಸರು ಬಾವಿಗೆ ಇಟ್ರೆ ಅವರಿಗೆ ಸಮಾಧಾನ ಆಗುತ್ತಾ?" ಎಂದು ಕ್ಷೀಣ ಸ್ವರದಲ್ಲಿ ಕೇಳಿದ.

ಗಸ್ ಮೂರು ಹೆಜ್ಜೆಯಲ್ಲಿ ಮೇಜು ಸುತ್ತಿ ಬಂದು ಅವನನ್ನು ಅಪ್ಪಿಕೊಂಡ. ಒಳಗಿನ ಎಲೆಕೋಸು ಗಂಟಲಿನವರೆಗೆ ಬಂದು ಹಿಂದಿರುಗಿತು. "ಬೋರ್ಡು ನಾನೇ ಬರೀತೀನಿ! ಬಣ್ಣ ಇದೆ, ಹಲಗೆ ಇದೆ!" ಎನ್ನುತ್ತಾ ಗಸ್ ಕೊಟ್ಟಿಗೆಗೆ ಓಡಿದ. ಬೇಡ, ನಾಳೆ, ಐದಾಗಲಿ, ಎಂದು ಹಾರ್ಲನ್ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ಅರ್ಧ ಗಂಟೆಯಲ್ಲಿ ಬೀಮರ್ ಗೇಟಿನ ಪಕ್ಕ, ಕೆಂಪು ಅಕ್ಷರದಲ್ಲಿ, 'ಹೆಡ್ವಿಗ್ ನಂಬರ್ ಒನ್' ಎದ್ದು ನಿಂತಿತು. ಒಂದು ಮೈಲಿ ದೂರದಿಂದ ಓದಬಹುದಾದಷ್ಟು ದೊಡ್ಡದು.

ವೀಡಾ ಮಧ್ಯಾಹ್ನ ಮೊಟ್ಟೆ ಮಾರಲು ಇದೇ ದಾರಿಯಲ್ಲಿ ಹೋಗುವವಳು. ಹಾರ್ಲನ್ ಗಸ್ ಮರೆಯಾಗುವುದನ್ನೇ ಕಾದು ಬೋರ್ಡು ಕಿತ್ತ. ಗಸ್ ನೆಟ್ಟದ್ದು ಎಂದರೆ ಅದು ನೆಟ್ಟದ್ದೇ. ಕೀಳುವಾಗ ಬೂಟು ಕೆಸರಿನಲ್ಲಿ ಉಳಿದು ಕಾಲು ಮಾತ್ರ ಹೊರಬಂತು. ಒಂದು ಕಾಲಿನಲ್ಲಿ ಬೂಟು, ಬಗಲಲ್ಲಿ ಹೆಡ್ವಿಗ್, ಹೀಗೆ ರಸ್ತೆಯಡಿಯ ಮೋರಿಯ ಕಡೆ ಕುಂಟುತ್ತಿರುವಾಗ ಪಾದ್ರಿ ಪ್ರಾಥರ್ ಅವರ ಕಾರು ಪಕ್ಕದಲ್ಲೇ ನಿಂತಿತು.

ತೆಂಕಣ ಬೇಲಿಯ ಆಚೆ ಇರುವುದು ಚರ್ಚಿನ ಜಮೀನು. ಅದರ ಪತ್ರ ಪಾದ್ರಿಗೆ ಬಂದಿತ್ತು.

"ಶಿಲುಬೆ ಹೊತ್ತುಕೊಂಡು ಎಲ್ಲಿಗೆ ಹೊರಟಿರಿ, ಸಹೋದರ?" ಎಂದರು ಪಾದ್ರಿ.

ಹಾರ್ಲನ್ ಬೋರ್ಡನ್ನು ಮಗುಚಿ ಹುಲ್ಲಿಗೆ ಎಸೆದು ಅದರ ಮೇಲೆ ಕೂತುಬಿಟ್ಟ. "ಸುಸ್ತಾಯ್ತು, ಫಾದರ್. ಹಾಗೇ ಕೂತೆ."

ಪಾದ್ರಿಯೂ ಪಕ್ಕದಲ್ಲಿ ಕೂತರು. ಗಾಳಿ ಬೀಸುತ್ತಿತ್ತು, ಹುಲ್ಲಿನಲ್ಲಿ ಯಾವುದೋ ಹಕ್ಕಿ ಕೊಳಲೂದಿದ ಹಾಗೆ ಕೂಗುತ್ತಿತ್ತು. ಹಾರ್ಲನ್‌ಗೆ ಹೊಟ್ಟೆ ಭಾರವಾಗಿ ಕಣ್ಣು ಎಳೆಯತೊಡಗಿತು. ಪಾದ್ರಿಯ ಮಾತು ಬಹಳ ದೂರದಿಂದ ಬರುತ್ತಿತ್ತು. ಚರ್ಚಿನ ಹಿರಿಯರು ಅನುಮಾನ ಪಡುತ್ತಿದ್ದಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಸದ್ದು. ಆದರೆ ಬಾವಿಗೆ ಪವಿತ್ರವಾದ ಹೆಸರೊಂದು ಇದ್ದರೆ, ಉದಾಹರಣೆಗೆ ಬೈಬಲಿನ ಪುಣ್ಯಬೆಟ್ಟದ ಹೆಸರು ಸೀಯೋನ್ ಎಂದು, ಹಿರಿಯರಿಗೆ ತಿಳಿಹೇಳುವುದು ಸುಲಭ. ಹುಲ್ಲಿನ ನಡುವೆ ಪಂಪು ತಲೆಯಾಡಿಸಿತು. ಅದನ್ನೇ ನೋಡುತ್ತಾ ಹಾರ್ಲನ್ ತಾನೂ ತಲೆಯಾಡಿಸಿದ.

"ದೇವರು ಒಳ್ಳೇದು ಮಾಡ್ಲಿ!" ಎಂದು ಪಾದ್ರಿ ಎದ್ದು ನಿಂತಾಗ ಹಾರ್ಲನ್‌ಗೆ ಪೂರ್ತಿ ಎಚ್ಚರವಾಯಿತು. ತಾನು ಏನಕ್ಕೆ ಒಪ್ಪಿದೆ ಎಂದು ಕೇಳಲು ಬಾಯಿ ತೆರೆದ, ಧೈರ್ಯ ಸಾಲಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರ ಸಂಘದವರು ಊಟ ಹಾಕುತ್ತಿದ್ದಾರೆ, ಬರಲೇಬೇಕು ಎಂದು ಪಾದ್ರಿ ಎಳೆದುಕೊಂಡೇ ಹೋದರು. ಮೂರನೆಯ ಊಟ.

ಅಲ್ಲಿಂದ ಹೊರಬರುವಷ್ಟರಲ್ಲಿ ಮೂರು ಗಂಟೆ. ಗೇಟಿನ ಹತ್ತಿರ ಬಂದು ನೋಡಿದರೆ ವೀಡಾಳ ಬೋರ್ಡು. ಹಳದಿ ಬಣ್ಣದ್ದು, ಮೂಲೆಯಲ್ಲಿ ಒಂದು ಕೋಳಿಯ ಚಿತ್ರ. ಅದರ ಪಕ್ಕದಲ್ಲೇ ಚರ್ಚಿನ ಹುಡುಗಿಯರು ಬರೆದ 'ಸೀಯೋನ್', ಸುತ್ತಲೂ ನೀಲಿ ಹೂಬಳ್ಳಿ. ಹಾರ್ಲನ್ ಹಣೆ ಚಚ್ಚಿಕೊಂಡ. ಎರಡನ್ನೂ ಕಿತ್ತು, ಹುಲ್ಲಿನಲ್ಲಿ ಬಿದ್ದಿದ್ದ ಹೆಡ್ವಿಗ್ ಸಮೇತ ಮೋರಿಯೊಳಗೆ ತುರುಕಿದ. ಗಸ್‌ನ ಟ್ರ್ಯಾಕ್ಟರ್ ಸದ್ದು ಕೇಳಿದರೆ ಹೆಡ್ವಿಗ್ ಹೊರಗೆ. ವೀಡಾಳ ಮೊಟ್ಟೆ ಗಾಡಿ ಹಿಂದಿರುಗುವಾಗ ಹೆಡ್ವಿಗ್ ಒಳಗೆ, ಕೋಳಿ ಹೊರಗೆ. ಪಾದ್ರಿಯ ಕಾರು ದೂರದಲ್ಲಿ ಧೂಳೆಬ್ಬಿಸಿದರೆ ಕೋಳಿ ಒಳಗೆ, ಸೀಯೋನ್ ಹೊರಗೆ. ಒಂದು ಗಂಟೆ ಹೊತ್ತು ಆ ಐವತ್ತೆಂಟು ವರ್ಷದ ಮನುಷ್ಯ ಒಂದೇ ಬೂಟಿನಲ್ಲಿ ಮೋರಿಗೂ ಗೇಟಿಗೂ ಓಡಾಡಿದ. ನಮ್ಮ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಗಾಡಿ ಓಡಾಡಿದರೆ ಹೆಚ್ಚು, ಅವತ್ತು ಮಾತ್ರ ಎಲ್ಲರಿಗೂ ಆ ಕಡೆಯೇ ಕೆಲಸ.

ನಾಲ್ಕು ಗಂಟೆಗೆ ಅವನು ಹೆಡ್ವಿಗ್‌ಳನ್ನು ಅಪ್ಪಿಕೊಂಡು ಮೋರಿಯಿಂದ ಹೊರಬರುತ್ತಿರುವಾಗ ಮನೆಯ ಕಡೆಯಿಂದ ಓಪಲ್‌ಳ ಕಾರು ಬಂತು. ಭಾನುವಾರದ ಟೋಪಿ ಹಾಕಿಕೊಂಡಿದ್ದಳು. ಕಾರು ನಿಲ್ಲಿಸಿ ಕಿಟಕಿ ಇಳಿಸಿದಳು. ಹಾರ್ಲನ್ ಬೋರ್ಡನ್ನು ಬೆನ್ನ ಹಿಂದೆ ಹಿಡಿದ. ಅದು ಅವನಿಗಿಂತ ಅಗಲವಾಗಿತ್ತು.

"ಏನದು?"

"ಬೇಲಿ," ಎಂದ ಹಾರ್ಲನ್.

ಓಪಲ್ ಅವನ ಬೂಟಿಲ್ಲದ ಕಾಲನ್ನು ನೋಡಿದಳು, ಅವನ ಎಡಬಲಕ್ಕೆ ಇಣುಕುತ್ತಿದ್ದ ಕೆಂಪು ಅಕ್ಷರಗಳನ್ನು ನೋಡಿದಳು. "ಪೇಟೆಗೆ ಹೋಗಿ ಬರ್ತೀನಿ. ಏನಾದ್ರೂ ತರ್ಬೇಕಾ?"

"ಏನೂ ಬೇಡ. ಎಲ್ಲಾ ಇದೆ," ಎಂದು ಹಾರ್ಲನ್ ನಕ್ಕ. ಕಾರು ಧೂಳಿನಲ್ಲಿ ಕರಗಿದ ಮೇಲೂ ಅವನು ಕೈ ಬೀಸುತ್ತಲೇ ಇದ್ದ. ಇನ್ನು ಒಂದೇ ಗಂಟೆ. ಪಾಪ, ಅವಳಿಗೆ ಏನೂ ಗೊತ್ತಿಲ್ಲ ಎಂದು ಅವನಿಗೆ ಅವಳ ಮೇಲೆ ಅಕ್ಕರೆ ಉಕ್ಕಿತು. ಮೂರೂ ಬೋರ್ಡುಗಳನ್ನು ಮೋರಿಗೆ ಸೇರಿಸಿ, ಮನೆಗೆ ಬಂದು, ಜಗಲಿಯ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ. ಪಂಪು ಈಗ ಸರಿಯಾಗಿ, ನಿಧಾನವಾಗಿ, ತನ್ನ ನಿಜವಾದ ಹೆಸರನ್ನೇ ಹೇಳುತ್ತಿತ್ತು. ಜೀವನದಲ್ಲಿ ಅಷ್ಟು ಸುಖವಾದ ಮುಕ್ಕಾಲು ಗಂಟೆ ಅವನು ಕಂಡಿರಲಿಲ್ಲ.

ಗೋಡೆ ಗಡಿಯಾರ ಐದು ಹೊಡೆಯಿತು. ಹಾರ್ಲನ್ ಪೇಟೆಯಲ್ಲಿರುವ ಎಣ್ಣೆ ಕಚೇರಿಯ ಶಾಖೆಗೆ ಫೋನು ಮಾಡಿದ. ಗುಮಾಸ್ತೆ ಮಿಸೆಸ್ ಟಿಬ್ಬೆಟ್ಸ್ ಎತ್ತಿಕೊಂಡರು.

"ಬೀಮರ್ ಮಾತಾಡ್ತಿರೋದು. ಯಾರೂ ಆಕ್ಷೇಪಣೆ ಹಾಕಿಲ್ಲ ಅಲ್ವಾ?"

ಕಾಗದ ತಿರುವುವ ಸದ್ದು. "ಕ್ರೌಚ್, ಇಲ್ಲ. ಶ್ಲೋಟ್‌ಮನ್, ಇಲ್ಲ. ಚರ್ಚ್, ಇಲ್ಲ."

"ಅಬ್ಬಾ!" ಎಂದ ಹಾರ್ಲನ್, ಕುರ್ಚಿಗೆ ಕುಸಿದು.

"ನಾಲ್ಕನೆಯದು, ಇದೆ."

"ನಾಲ್ಕನೆಯದಾ? ನಂಗಿರೋದು ಮೂರೇ ಜನ ನೆರೆಯವರು ಕಣಮ್ಮ, ಯಾರು ನಾಲ್ಕನೆಯವರು?"

"ತೊರೆಯ ಆಚೆ ನಲವತ್ತು ಎಕರೆ."

"ಅದು ನಂದೇ! ಮೂವತ್ತೈದು ವರ್ಷದಿಂದ ನಾನೇ ಅಲ್ಲಿ ಹುಲ್ಲು ಕೊಯ್ತಿರೋದು!"

"ಹುಲ್ಲು ನೀವು ಕೊಯ್ತಿರ್ಬಹುದು ಮಿಸ್ಟರ್ ಬೀಮರ್. ನೆಲ ಓಪಲ್ ಬೀಮರ್ ಹೆಸರಲ್ಲಿದೆ. ಅವರಪ್ಪ ಮದುವೇಲಿ ಬರೆದುಕೊಟ್ಟಿದ್ದು. ಅವರಿಗೂ ಪತ್ರ ಹೋಗಿತ್ತು. ಇವತ್ತು ನಾಲ್ಕೂ ಮೂವತ್ತೈದಕ್ಕೆ ಟೋಪಿ ಹಾಕ್ಕೊಂಡು ಬಂದು ಆಕ್ಷೇಪಣೆ ಕೊಟ್ಟು ಹೋದ್ರು. ಕಾರಣ ಓದ್ಲಾ?"

ಹಾರ್ಲನ್ ಹೂಂ ಎಂದ.

"'ಬಾವಿಗೆ ಇಡಲಿರುವ ಹೆಸರಿಗೆ ನನ್ನ ಒಪ್ಪಿಗೆ ಇಲ್ಲ.' ಅಷ್ಟೇ ಬರೆದಿದಾರೆ."

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ಓಪಲ್ ಒಳಗೆ ಬಂದು ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿದಳು. ಹಾರ್ಲನ್ ಫೋನನ್ನು ಎದೆಗೆ ಒತ್ತಿಕೊಂಡು ಅವಳನ್ನೇ ನೋಡಿದ.

"ನಿಂಗೆ... ಪತ್ರ ಬಂದಿತ್ತಾ?"

"ಹದಿನೈದು ದಿನ ಆಯ್ತು. ಮೇಲ್ಗಡೆನೇ ಬರೆದಿತ್ತು, ಓಪಲ್ ನಂಬರ್ ಒನ್ ಅಂತ." ಅವಳು ಕುರ್ಚಿ ಎಳೆದು ಕೂತಳು. "ಹಾರ್ಲನ್, ಅದನ್ನ ಬೈಬಲ್ ಒಳಗಿಟ್ಟು ದಿನಾ ತೆಗೆದು ನೋಡ್ತಿದ್ದೆ. ನೀನೇ ಹೇಳ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ಇವತ್ತು ಹನ್ನೊಂದು ಗಂಟೆಗೆ ವೀಡಾ ಫೋನ್ ಮಾಡಿ, ನಿನ್ನ ಗಂಡ ಬಾವಿಗೆ ನನ್ನ ಹೆಸರಿಡ್ತಾನಂತೆ ಅಂತಾಳೆ! ಹೊರಗೆ ಬಂದು ನೋಡಿದ್ರೆ ಹೆಡ್ವಿಗ್! ಚರ್ಚಿನ ಹುಡುಗೀರು ಬಂದು ನೀಲಿ ಬಣ್ಣ ಇದೆಯಾ ಅಂತ ನನ್ನನ್ನೇ ಕೇಳ್ತಾರೆ! ಮೂರು ಜನಕ್ಕೆ ಹಂಚಿಬಿಟ್ಟೆಯಲ್ಲೋ ನನ್ನ ಹೆಸರನ್ನ!"

"ಅಯ್ಯೋ, ಅವರಿಗೆಲ್ಲ ಸುಳ್ಳು ಹೇಳಿದ್ದು ಕಣೇ! ಐದು ಗಂಟೆವರೆಗೆ ಮಾತ್ರ! ಕಾಗದದಲ್ಲಿ ನಿನ್ನ ಹೆಸರೇ ಇದೆ!"

"ಅವರಿಗೆ ಹೇಳಿದ್ದು ಸುಳ್ಳು ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ನಂಗೂ ಬೇಲಿ ಅಂತಲೇ ಹೇಳ್ತಿದ್ದೆ."

ಎದೆಗೊತ್ತಿದ ಫೋನಿನಿಂದ ಸಣ್ಣ ದನಿ ಕೇಳಿಸಿತು. "ಮಿಸ್ಟರ್ ಬೀಮರ್, ಬಾಗಿಲು ಹಾಕ್ಬೇಕು. ಒಂದು ದಾರಿ ಇದೆ. ಆಕ್ಷೇಪಣೆ ಹೆಸರಿನ ಮೇಲೆ ಮಾತ್ರ ಇರೋದ್ರಿಂದ, ಅವರಿಗೆ ಒಪ್ಪಿಗೆ ಆಗೋ ಹೆಸರಿಗೆ ಬದಲಾಯಿಸಿದ್ರೆ ಈಗಲೇ ಅನುಮತಿ ಬರೆದುಬಿಡ್ತೀನಿ. ಹಳೇ ಹೆಸರು, ಹೊಸ ಹೆಸರು, ಎರಡೇ ಕಾಲಂ. ಕೇಳಿ, ಯಾವ ಹೆಸರು ಬೇಕಂತೆ?"

ಹಾರ್ಲನ್‌ಗೆ ಹೋದ ಜೀವ ಬಂದಂತಾಯಿತು. "ಓಪಲ್, ಚಿನ್ನ, ಯಾವ ಹೆಸರಿಡ್ಲಿ ಹೇಳು. ನೀನು ಹೇಳಿದ್ದೇ ಇಡ್ತೀನಿ."

ಓಪಲ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಕೋಪ ಇಳಿದಿತ್ತು, ಮುಖದಲ್ಲಿ ಬೆಳಗಿನ ಆ ಸಣ್ಣ ನಗುವೂ ಮರಳಿತು. "ನನ್ನ ಹೆಸರೇ ಇರ್ಲಿ," ಎಂದಳು.

"ಓಪಲ್ ನಂಬರ್ ಒನ್!" ಎಂದು ಹಾರ್ಲನ್ ಫೋನಿನೊಳಗೆ ಕೂಗಿದ.

ಆ ಕಡೆ ಪೆನ್ನು ಗೀಚುವ ಸದ್ದು ಬಂದು ನಿಂತಿತು.

"ಹಳೇ ಹೆಸರಿನ ಕಾಲಂನಲ್ಲೂ ಅದೇ ಇದೆಯಲ್ಲಾ ಮಿಸ್ಟರ್ ಬೀಮರ್," ಎಂದರು ಮಿಸೆಸ್ ಟಿಬ್ಬೆಟ್ಸ್. "ಎರಡೂ ಒಂದೇ ಆದ್ರೆ ಬದಲಾವಣೆ ಅಂತ ಹೇಗೆ ಬರೀಲಿ? ಆಕ್ಷೇಪಣೆ ಇರೋದೇ ಆ ಹೆಸರಿನ ಮೇಲೆ. ಅದನ್ನ ವಾಪಸ್ ತಗೊಳ್ಳೋ ಹೊತ್ತೂ ಐದಕ್ಕೇ ಮುಗೀತು. ಇದು ಟೊಪೀಕಾಕ್ಕೆ ಹೋಗ್ಲೇಬೇಕು. ಅಕ್ಟೋಬರ್‌ನಲ್ಲಿ ವಿಚಾರಣೆ. ಅರ್ಜಿದಾರರು, ಆಕ್ಷೇಪಣೆದಾರರು, ಇಬ್ಬರೂ ಬರ್ಬೇಕು. ಬೇಕಿದ್ರೆ ಒಂದೇ ಕಾರಲ್ಲಿ ಬನ್ನಿ." ಫೋನು ಕಟ್ ಆಯಿತು.

ಹಾರ್ಲನ್ ಫೋನು ಹಿಡಿದುಕೊಂಡೇ ನಿಂತಿದ್ದ. ಗೇಟಿನ ಕಡೆಯಿಂದ ಜೋರು ದನಿಗಳು ಕೇಳಿಬಂದವು. ಮೊದಲು ಗಸ್‌ನದು, ಅದರ ಮೇಲೆ ವೀಡಾಳದು, ಎರಡನ್ನೂ ಸಮಾಧಾನ ಮಾಡುತ್ತಾ ತಾನೇ ಏರುತ್ತಿದ್ದ ಪಾದ್ರಿಯದು. ಐದಾಯಿತೆಂದು ಬೋರ್ಡು ನೋಡಲು ಬಂದವರು ಮೋರಿಯಲ್ಲಿ ಮೂರನ್ನೂ ಕಂಡಿದ್ದರು. ದನಿಗಳು ಮನೆಯ ಕಡೆಗೆ ಹತ್ತಿರವಾದವು. ಜಗಲಿಯ ಮೆಟ್ಟಿಲು ಕಿರುಗುಟ್ಟಿತು, ಬಾಗಿಲು ಧಡಧಡ ಬಡಿಯಿತು.

ಓಪಲ್ ಒಲೆಯ ಮೇಲೆ ಬಾಣಲೆ ಇಟ್ಟಳು.

"ಹೋಗು, ಬಾಗಿಲು ತೆಗಿ," ಎಂದಳು. "ನಿನ್ನ ಮೂರು ಬಾವಿಗಳೂ ಬಂದಿವೆ."